ಸಣ್ಣ ಅಪಘಾತವಾದ ಮೇಲೆ

ನಿಂತ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ಬಂದು ತಾಗುತ್ತದೆ. ಬಂಪರ್ ಮುರಿಯುತ್ತದೆ, ದೀಪ ಒಡೆಯುತ್ತದೆ. ಒಳಗಿದ್ದವರಿಗೆ ರಕ್ತ ಬಂದಿರುವುದಿಲ್ಲ, ಮೂಳೆ ಮುರಿದಿರುವುದಿಲ್ಲ. ದೊಡ್ಡ ಗಂಡಾಂತರ ತಪ್ಪಿತೆಂದು ನಿಂಬೆಹಣ್ಣು ನಿವಾಳಿಸಿ ಪ್ರಯಾಣ ಮುಂದುವರಿಸುವುದು ನಮ್ಮಲ್ಲಿ ವಾಡಿಕೆ. ವಾಹನಕ್ಕಾದ ಪೆಟ್ಟು ಆ ಕ್ಷಣವೇ ಕಾಣುತ್ತದೆ. ದೇಹಕ್ಕಾದ ಪೆಟ್ಟು ಕಾಣಿಸಿಕೊಳ್ಳಲು ಕೆಲವೊಮ್ಮೆ ಒಂದು ರಾತ್ರಿ, ಕೆಲವೊಮ್ಮೆ ಒಂದು ತಿಂಗಳು ಬೇಕಾಗುತ್ತದೆ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬಯಸುವುದು ಆ ಅವಧಿಯ ಕುರಿತು.

ಮೊದಲು ರಸ್ತೆಯ ಮಾತು. ವಾಹನವನ್ನು ಬದಿಗೆ ತೆಗೆದು, ಎಚ್ಚರಿಕೆಯ ದೀಪ ಹಾಕಿ, ಎಲ್ಲರನ್ನೂ ರಸ್ತೆಯಿಂದ ದೂರ ನಿಲ್ಲಿಸಬೇಕು. ಯಾರಾದರೂ ಕತ್ತು ನೋವೆಂದರೆ, ಕೈಕಾಲು ಜೋಮು ಹಿಡಿದಿದೆಯೆಂದರೆ ಅವರನ್ನು ಎಳೆದು ಇಳಿಸದೆ, ಕುಳಿತಲ್ಲಿಯೇ ಅಲುಗದಂತೆ ಇರಿಸಿ 108 ಅಥವಾ 112ಕ್ಕೆ ಕರೆ ಮಾಡಬೇಕು. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಲೇಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಗಾಯಗೊಂಡವರಿಗೆ ನೆರವಾದರೆ ಕೇಸು ಮೈಮೇಲೆ ಬರುವುದೆಂಬ ಅಂಜಿಕೆ ಹಲವರಲ್ಲಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ.

ಹಿಂದಿನಿಂದ ತಾಗಿದಾಗ ಮುಂಡ ಮುಂದಕ್ಕೆ ಚಲಿಸಿ, ತಲೆ ಹಿಂದೆ ಉಳಿದು, ಮರುಕ್ಷಣ ಮುಂದಕ್ಕೆ ಬಾಗುತ್ತದೆ. ಕತ್ತಿನ ಸ್ನಾಯುಗಳೂ ಕಂಡರಗಳೂ ಆಗ ಹಿಗ್ಗಿ ಘಾಸಿಗೊಳ್ಳುತ್ತವೆ. ನೋವು ಬಹುತೇಕ ಮರುದಿನ ಬೆಳಿಗ್ಗೆ ಆರಂಭವಾಗುತ್ತದೆ. ಆಗ ರೋಗಿಗಳು ನಮ್ಮಂತಹ ವೈದ್ಯರನ್ನು ಅರಸಿ ಬಂದು ಕೇಳುವ ಮೊದಲ ಮಾತು, "ಡಾಕ್ಟರೇ, ಯಾವ ಎಣ್ಣೆ ಹಚ್ಚಿ ತಿಕ್ಕಬೇಕು?" ಎಂದು. ಮೊದಲ ಎರಡು ಮೂರು ದಿನ ಯಾವ ಎಣ್ಣೆಯನ್ನೂ ತಿಕ್ಕಬಾರದು, ಬಿಸಿ ಶಾಖವನ್ನೂ ಕೊಡಬಾರದು. ಜಜ್ಜಿದ ಪೆಟ್ಟಿಗೆ ಶೀತಲ ಲೇಪವನ್ನೂ ತಣ್ಣೀರಿನ ಪರಿಷೇಕವನ್ನೂ ಸುಶ್ರುತಾಚಾರ್ಯರೇ ವಿಧಿಸಿದ್ದಾರೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡುವುದು ಅದೇ ತತ್ತ್ವ. ಕತ್ತನ್ನು ತಿರುಚಿ 'ಲಟಕ್' ಎನಿಸುವವರ ಬಳಿಗಂತೂ ಹೋಗಕೂಡದು. ನೋವು ತೋಳಿಗೆ ಇಳಿದರೆ, ಕೈಯ ಹಿಡಿತ ಸಡಿಲಾದರೆ ವಿಳಂಬವಿಲ್ಲದೆ ಆಸ್ಪತ್ರೆಗೆ ತೆರಳಬೇಕು.

ತಲೆಯ ವಿಷಯ ಇನ್ನೂ ಗಂಭೀರ. ಸುಶ್ರುತಸಂಹಿತೆಯು ಹೇಳುವ 107 ಮರ್ಮಗಳಲ್ಲಿ 'ಸೀಮಂತ'ವೆಂಬ ಐದು ಮರ್ಮಗಳು ತಲೆಬುರುಡೆಯ ಸಂಧಿಗಳಲ್ಲಿವೆ. ಅವು ಕಾಲಾಂತರ ಪ್ರಾಣಹರ ವರ್ಗಕ್ಕೆ ಸೇರಿದವು. ಅಂದರೆ ಪೆಟ್ಟಿನ ಪರಿಣಾಮ ಹದಿನೈದು ದಿನ ಅಥವಾ ಒಂದು ತಿಂಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಇಂದಿನ ವೈದ್ಯವಿಜ್ಞಾನವೂ ಇಂತಹದೊಂದು ಸ್ಥಿತಿಯನ್ನು ಬಲ್ಲದು. ವೃದ್ಧರಲ್ಲಿ ಮಿದುಳು ಕುಗ್ಗಿರುವುದರಿಂದ ಅದರ ಹೊದಿಕೆಯ ಸಿರೆಗಳು ಸಣ್ಣ ಅದುರಿಗೂ ಹರಿದು, ರಕ್ತ ಹನಿಹನಿಯಾಗಿ ಶೇಖರವಾಗುತ್ತದೆ. ಎರಡು ಮೂರು ವಾರಗಳ ತರುವಾಯ ಅಜ್ಜನವರ ನಡಿಗೆ ತೂರಾಡುತ್ತದೆ, ಮಾತು ತಡವರಿಸುತ್ತದೆ, ಹಗಲೂ ನಿದ್ದೆ ಆವರಿಸುತ್ತದೆ. ಮನೆಯವರು ಅರಳುಮರಳೆಂದು ಸುಮ್ಮನಾಗುತ್ತಾರೆ. ಹಳೆಯ ಅಪಘಾತ ಯಾರ ನೆನಪಿಗೂ ಬರುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಇದು ತಿಳಿಯುತ್ತದೆ, ಸಕಾಲದಲ್ಲಿ ರಕ್ತವನ್ನು ಹೊರತೆಗೆದರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ.

ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ತಲೆಗೆ ಪೆಟ್ಟು ಬಿದ್ದ ದಿನವೇ ಪರೀಕ್ಷೆ ಮಾಡಿಸಿಕೊಳ್ಳಲಿ. ಉಳಿದವರೊಂದಿಗೂ ಮೊದಲ 24 ಗಂಟೆ ಯಾರಾದರೊಬ್ಬರು ಇರಬೇಕು. ಹೆಚ್ಚುತ್ತಿರುವ ತಲೆನೋವು, ಮರಳಿ ಮರಳಿ ವಾಂತಿ, ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು, ಮೂಗು ಕಿವಿಗಳಿಂದ ನೀರಿನಂತಹ ಸ್ರಾವ, ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯೆಂದು ನೋಡಬಾರದು. ಆ ದಿನ ಮದ್ಯ ಬೇಡವೆಂದು ಮಠದ ಪತ್ರಿಕೆಯಲ್ಲಿ ಬೇರೆಯಾಗಿ ಬರೆಯಬೇಕಾಗಿಲ್ಲವೆಂದು ಭಾವಿಸುತ್ತೇವೆ.

ಸೀಟ್ ಬೆಲ್ಟಿನ ಬಾಸುಂಡೆ ಹೊಟ್ಟೆಯ ಮೇಲೆ ಮೂಡಿದ್ದು, ನೋವು ಏರುತ್ತಿದ್ದರೆ ಒಳಗಿನ ಅಂಗಕ್ಕೆ ಪೆಟ್ಟಾಗಿರಬಹುದು. ಗರ್ಭಿಣಿಯರು ನೋವಿಲ್ಲದಿದ್ದರೂ ಆ ದಿನವೇ ಹೆರಿಗೆ ತಜ್ಞರನ್ನು ಕಾಣಬೇಕು.

ಊತ ಇಳಿದು, ಈ ಚಿಹ್ನೆಗಳಾವುವೂ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಬಳಿಕ ಎಣ್ಣೆಯ ಸರದಿ ಬರುತ್ತದೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಕತ್ತು ಭುಜಗಳಿಗೆ ಮೃದುವಾಗಿ ಸವರಿ, ಅನಂತರ ಬಿಸಿನೀರಿನ ಸ್ನಾನ ಮಾಡಿದರೆ ಉಳಿದ ಬಿಗಿತ ಕ್ರಮೇಣ ಸಡಿಲಗೊಳ್ಳುತ್ತದೆ.