ಲಿನಕ್ಸ್‌ನಲ್ಲಿ ಆಡಿಯೋ ಪ್ಲಗಿನ್: ನಾನು ಕಲಿತ ಮೊದಲ ಪಾಠ

ಕಣ್ಣು ಕಾಣದ ನನ್ನ ಸಹಪಾಠಿಗೆ ಇತಿಹಾಸದ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕೊಡುತ್ತಿದ್ದೆ. ಒಂದು ದಿನ ಅವನು, "ನಿನ್ನ ಸ್ವರಕ್ಕಿಂತ ಫ್ಯಾನಿನ ಸದ್ದೇ ಜಾಸ್ತಿ ಕೇಳ್ತದೆ ಮಾರಾಯ, ತಲೆನೋವು ಬರ್ತದೆ" ಎಂದ. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಆಗ ನಾನು ಪ್ಲಗಿನ್‌ಗಳ ಬೆನ್ನುಹತ್ತಿದೆ.

ಪ್ಲಗಿನ್ ತಾನಾಗಿಯೇ ಓಡುವ ಪ್ರೋಗ್ರಾಮ್ ಅಲ್ಲ. ಆಡಾಸಿಟಿ, ಆರ್ಡರ್ ಮುಂತಾದ ತಂತ್ರಾಂಶಗಳ ಒಳಗೆ ಸೇರಿಕೊಂಡು ಧ್ವನಿಯನ್ನು ತಿದ್ದುವ ಸಣ್ಣ ಉಪಕರಣ ಅದು. ವಿಂಡೋಸ್‌ಗಾಗಿ ಮಾಡಿದ ಪ್ಲಗಿನ್ ಉಬುಂಟುವಿನಲ್ಲಿ ನೇರವಾಗಿ ನಡೆಯುವುದಿಲ್ಲ. ಇದು ತಿಳಿಯದೆ ಒಂದು ಸಂಜೆ ಕಳೆದುಕೊಂಡೆ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಲ್‌ವಿ2 ಎಂಬ ಮಾದರಿ. 2000ರಲ್ಲಿ ಬಂದ ಲ್ಯಾಡ್‌ಸ್ಪಾ ಮಾದರಿಯ ಮುಂದುವರಿದ ರೂಪ ಇದು. ಎಲ್‌ಎಸ್‌ಪಿ ಎಂಬ ಪ್ಲಗಿನ್‌ಗಳ ಕಟ್ಟು ಉಬುಂಟುವಿನ ಭಂಡಾರದಲ್ಲೇ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು ಆಡಾಸಿಟಿಯನ್ನು ಮತ್ತೆ ತೆರೆದರೆ ಎಫೆಕ್ಟ್ ಮೆನುವಿನಲ್ಲಿ ಕಾಣುತ್ತದೆ. ಕಾಣದಿದ್ದರೆ ಪ್ಲಗಿನ್ ಮ್ಯಾನೇಜರ್‌ನಲ್ಲಿ ಚಾಲೂ ಮಾಡಬೇಕು.

ಆರಂಭಕ್ಕೆ ಎರಡೇ ಪ್ಲಗಿನ್ ಸಾಕು.

1. ಈಕ್ವಲೈಸರ್: ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಅದರ ಗುಂಯ್‌ಗುಡುವಿಕೆ 50, 100 ಹರ್ಟ್ಸ್‌ಗಳಲ್ಲಿ ಕೂತಿರುತ್ತದೆ. ಗಂಡಸರ ಮಾತಿನ ಸ್ವರ ಸುಮಾರು 85ರಿಂದ ಮೇಲೆ. ಆದ್ದರಿಂದ ಹೈ-ಪಾಸ್ ಫಿಲ್ಟರನ್ನು 80ಕ್ಕೆ ಇಟ್ಟು ಕೆಳಗಿನ ಸದ್ದನ್ನು ತಗ್ಗಿಸಿದೆ. ಇನ್ನೂ ಮೇಲಕ್ಕೆ ಏರಿಸಿದಾಗ ನನ್ನ ಸ್ವರವೇ ತೆಳ್ಳಗಾಯಿತು.

2. ಕಂಪ್ರೆಸರ್: ಇದು ಜೋರು ಮಾತನ್ನು ತಗ್ಗಿಸಿ ಎಲ್ಲವನ್ನೂ ಸಮಮಟ್ಟಕ್ಕೆ ತರುತ್ತದೆ. ಅನುಪಾತ 3:1 ಇಟ್ಟರೆ, ನಿಗದಿತ ಮಿತಿಯನ್ನು 6 ಡೆಸಿಬಲ್ ಮೀರಿದ ಸದ್ದು 2 ಡೆಸಿಬಲ್ ಮಾತ್ರ ಮೀರುತ್ತದೆ.

ಕ್ರಮ ಮುಖ್ಯ. ಮೊದಲ ಸಲ ಕಂಪ್ರೆಸರ್ ಹಾಕಿ, ಒಟ್ಟು ಸದ್ದನ್ನು ಏರಿಸಿದೆ. ಮಾತಿನ ಜೊತೆ ಫ್ಯಾನಿನ ಸದ್ದೂ ಮೇಲೆದ್ದಿತು! ಮೊದಲು ಶುಚಿ ಮಾಡಬೇಕು, ಆಮೇಲೆ ಏರಿಸಬೇಕು. ಮೂಲ ಕಡತದ ಒಂದು ಪ್ರತಿ ತೆಗೆದಿಟ್ಟಿದ್ದರಿಂದ ಬಚಾವಾದೆ.

ಇಷ್ಟಾದರೂ ಫ್ಯಾನಿನ ಗಾಳಿಯ ಸದ್ದು ಪೂರ್ತಿ ಹೋಗಲಿಲ್ಲ. ಅದು ಮಾತಿನ ಆವರ್ತನಗಳಲ್ಲೇ ಬೆರೆತಿರುತ್ತದೆ. ಉಳಿದ ಪಾಠಗಳನ್ನು ಬೆಳಿಗ್ಗೆ ಬೇಗ ಎದ್ದು, ಫ್ಯಾನ್ ನಿಲ್ಲಿಸಿ, ಬೆವರುತ್ತಾ ಓದಿದೆ. ಪ್ಲಗಿನ್‌ಗಳಿಗೆ ಕೆಲಸವೂ ಕಡಿಮೆಯಾಯಿತು.

"ಈಗ ನೀನು ಪಕ್ಕದಲ್ಲೇ ಕೂತು ಓದಿದ ಹಾಗಿದೆ" ಎಂದ ಗೆಳೆಯ. ಅವನಿಗೆ ಇನ್ನೂ ಎರಡು ವಿಷಯಗಳ ಪಾಠ ಬೇಕು. ಓದಿ ಕೊಡಲು ಯಾರು ಬರುತ್ತೀರಿ?