ಒಣನಾಡಿನ ಒಂದು ಹಳೆಯ ಭೂಪಟ

ಕಾವ್ಯವನ್ನು ಪದ ಬಿಡಿಸಿ ಓದುವಂತೆ ಭೂಪಟವನ್ನೂ ಗುರುತು ಗುರುತಾಗಿ ಓದಬೇಕು. ಅಮೆರಿಕೆಯ ಪಶ್ಚಿಮದ ದನಗಾವಲು ಪ್ರದೇಶದ ಹಳೆಯ ಪಟಗಳು ಇದಕ್ಕೆ ಉತ್ತಮ ನಿದರ್ಶನ. 1879ರಲ್ಲಿ ಸ್ಥಾಪಿತವಾದ ಆ ದೇಶದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಇವನ್ನು ರಚಿಸಿತು. 1:62,500 ಪ್ರಮಾಣದ ಹಾಳೆಯಲ್ಲಿ ಒಂದು ಅಂಗುಲವು ಸುಮಾರು ಒಂದು ಮೈಲಿಗೆ ಸಮ. ಕಂದು ಗೆರೆಗಳು ನೆಲದ ಏರಿಳಿತವನ್ನೂ, ನೀಲಿಯು ಜಲವನ್ನೂ, ಕಪ್ಪು ಮನುಷ್ಯಕೃತವನ್ನೂ ಸೂಚಿಸುವುವು.

ಇಲ್ಲಿ ನೀಲಿಯೇ ಪ್ರಧಾನ. ನೆವಾಡದಂತಹ ಒಣನಾಡಿನಲ್ಲಿ ತೊರೆಯ ಗೆರೆ ಅಖಂಡವಾಗಿರುವುದು ವಿರಳ. ನಡುನಡುವೆ ಚುಕ್ಕಿಗಳಿದ್ದರೆ ಅದು ಕೆಲವು ಕಾಲ ಮಾತ್ರ ಹರಿಯುವ ಹಳ್ಳವೆಂದು ತಿಳಿಯತಕ್ಕದ್ದು. ಆದುದರಿಂದಲೇ ಒಂದೊಂದು ಚಿಲುಮೆ, ಬಾವಿ, ಗಾಳಿಯಂತ್ರಕ್ಕೂ ಪಟದಲ್ಲಿ ಸ್ಥಾನ ದೊರೆತಿದೆ. ನಗರದ ಪಟದಲ್ಲಿ ಬಾವಿಯನ್ನು ಯಾರು ಬರೆದಾರು! ನೀರಿನ ಸೆಲೆ ಯಾರ ವಶವೋ, ಸುತ್ತಲಿನ ಹುಲ್ಲುಗಾವಲು ವಸ್ತುತಃ ಅವನದೇ.

1862ರ ಕಾಯಿದೆಯು ಒಕ್ಕಲಿಗೆ 160 ಎಕರೆ ನೀಡಿತು. ಮಳೆಯುಳ್ಳ ನಾಡಿಗೆ ಹೊಂದುವ ಆ ಅಳತೆ ಇಲ್ಲಿಗೆ ಸಾಲದೆಂದೂ, ದನ ಸಾಕುವವನಿಗೆ 2,560 ಎಕರೆ ಬೇಕೆಂದೂ ಜಾನ್ ವೆಸ್ಲಿ ಪೊವೆಲ್ ಮಹಾಶಯನು 1878ರ ವರದಿಯಲ್ಲಿ ವಾದಿಸಿದನು. 1881ರಲ್ಲಿ ಅವನೇ ಸರ್ವೇಕ್ಷಣ ಇಲಾಖೆಯ ನಿರ್ದೇಶಕನಾದನು; ಶಾಸನಸಭೆ ಮಾತ್ರ ಅವನ ಅಳತೆಯನ್ನು ಅಂಗೀಕರಿಸಲಿಲ್ಲ. 1916ರ ಕಾಯಿದೆ ಕೊಟ್ಟುದು 640 ಎಕರೆ; ಅದೂ ಅನೇಕರಿಗೆ ಸಾಲದೆ ಹೋಯಿತು. ಇದನ್ನರಿತು ಪಟವನ್ನು ನೋಡಿದರೆ, ಮನೆಗಳ ಕಪ್ಪು ಗುರುತುಗಳು ನೀಲಿಯ ಬಳಿಯೇ ಏಕೆ ನೆಲೆಸಿವೆ, ಉಳಿದ ಮೈಲಿಗಟ್ಟಲೆ ಹಾಳೆ ಏಕೆ ಬರಿಯ ಕಂದು ಗೆರೆಗಳಾಗಿ ಉಳಿದಿದೆ ಎಂಬುದು ತಾನಾಗಿ ವಿಶದವಾಗುವುದು.