ಮಾತೃಭಾಷೆಯೂ ಮನೆಮಾತೂ: ಬೆಲಾರುಸ್ ಕಲಿಸುವ ಪಾಠ

ಒಂದು ಜನಸಮುದಾಯವು ತನ್ನದೆಂದು ಹೇಳಿಕೊಳ್ಳುವ ಭಾಷೆಯೂ ಅದು ದಿನನಿತ್ಯ ಆಡುವ ಭಾಷೆಯೂ ಒಂದೇ ಎಂದು ಭಾವಿಸುವುದು ಸಹಜ. ಪೂರ್ವ ಯುರೋಪಿನ ಬೆಲಾರುಸ್ ದೇಶದ ಜನಜೀವನ ಈ ಭಾವನೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

ಅಲ್ಲಿಯ ಜನಗಣತಿಯಲ್ಲಿ ಭಾಷೆಯ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ: ಮಾತೃಭಾಷೆ ಯಾವುದು, ಮನೆಯಲ್ಲಿ ಸಾಮಾನ್ಯವಾಗಿ ಆಡುವ ಭಾಷೆ ಯಾವುದು. 1999ರಲ್ಲಿ ನೂರಕ್ಕೆ ಸುಮಾರು 74 ಜನ ಬೆಲಾರುಸಿಯನ್ ತಮ್ಮ ಮಾತೃಭಾಷೆ ಎಂದಿದ್ದರು. ಅದನ್ನು ಮನೆಯಲ್ಲಿ ಆಡುತ್ತಿದ್ದವರು ಸುಮಾರು 37 ಜನ. 2019ರ ಹೊತ್ತಿಗೆ ಈ ಸಂಖ್ಯೆಗಳು ಸುಮಾರು 54 ಮತ್ತು 26ಕ್ಕೆ ಇಳಿದವು. ಉಳಿದ ಮನೆಗಳಲ್ಲಿ ಬಹುಪಾಲು ಕೇಳಿಬರುವುದು ರಷ್ಯನ್.

ಇದು ಸಾಹಿತ್ಯವಿಲ್ಲದ ಬಡಭಾಷೆಯ ಕಥೆಯಲ್ಲ. ಪೊಲಾತ್ಸ್ಕ್ ಊರಿನ ಫ್ರಾಂಟ್ಸಿಸ್ಕ್ ಸ್ಕಾರಿನಾ 1517ರಷ್ಟು ಹಿಂದೆಯೇ ಪ್ರಾಗ್ ನಗರದಲ್ಲಿ ಪುಸ್ತಕ ಮುದ್ರಣ ಆರಂಭಿಸಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಯಾಂಕಾ ಕುಪಾಲಾ, ವಸಿಲ್ ಬಿಕೌ ಅವರಂಥ ಸಾಹಿತಿಗಳು ಈ ಭಾಷೆಯಲ್ಲಿ ಬರೆದರು. ಆದರೆ ಸೋವಿಯತ್ ಕಾಲದಲ್ಲಿ ಹಳ್ಳಿಗರು ದುಡಿಮೆಗಾಗಿ ನಗರ ಸೇರಿದಾಗ, ಕಾರ್ಖಾನೆ, ಕಚೇರಿ, ಉನ್ನತ ಶಿಕ್ಷಣಗಳ ಬಾಗಿಲು ತೆರೆದದ್ದು ರಷ್ಯನ್ ಭಾಷೆಗೆ. 1990ರ ಕಾನೂನು ಬೆಲಾರುಸಿಯನ್ ಒಂದನ್ನೇ ರಾಜ್ಯಭಾಷೆಯನ್ನಾಗಿ ಮಾಡಿತು. 1995ರ ಜನಮತಗಣನೆಯ ನಂತರ ರಷ್ಯನ್ನಿಗೂ ಸಮಾನ ಸ್ಥಾನ ದೊರೆಯಿತು. ಕಾಗದದ ಮೇಲೆ ಎರಡೂ ಸಮಾನ. ವ್ಯವಹಾರದಲ್ಲಿ ಒಂದೇ ಪ್ರಬಲ.

ನಗರ ಸೇರಿದ ಹಳ್ಳಿಗರ ಬಾಯಲ್ಲಿ ಬೆಳೆದ ಮಿಶ್ರ ಆಡುನುಡಿಗೆ ‘ತ್ರಸ್ಯಾಂಕಾ’ ಎಂಬ ಹೆಸರಿದೆ. ಒಳ್ಳೆಯ ಹುಲ್ಲಿಗೆ ಪೈರಿನ ಒಣದಂಟು ಬೆರೆಸಿದ ದನದ ಮೇವು ಎಂಬುದು ಆ ಪದದ ಮೂಲಾರ್ಥ. ಹೆಸರಿನಲ್ಲಿಯೇ ತಾತ್ಸಾರವಿದೆ. ಅನೇಕ ಕುಟುಂಬಗಳಲ್ಲಿ ಅಜ್ಜಿ ಹಳ್ಳಿಯ ನುಡಿಯನ್ನೂ ಮಗ ಈ ಮಿಶ್ರನುಡಿಯನ್ನೂ ಮೊಮ್ಮಗಳು ರಷ್ಯನ್ನನ್ನೂ ಆಡುವುದುಂಟು. ಭಾಷಾಪಲ್ಲಟ ಒಂದೇ ದಿನ ಆಗುವುದಲ್ಲ; ಒಂದೇ ಊಟದ ಮೇಜಿನ ಸುತ್ತ ಮೂರು ತಲೆಮಾರುಗಳಲ್ಲಿ ನಡೆಯುತ್ತದೆ.

ಹಾಗಾದರೆ ಆ ಭಾಷೆ ಎಲ್ಲಿ ಉಳಿದಿದೆ? ಮುಖ್ಯವಾಗಿ ಆಚರಣೆಗಳಲ್ಲಿ. ನವೆಂಬರಿನ ಆರಂಭದಲ್ಲಿ ಬರುವ ‘ಜ್ಯಾದಿ’ ಹಿರಿಯರ ಹಬ್ಬ. ಆ ಪದಕ್ಕೆ ಅಜ್ಜಂದಿರು ಎಂದೇ ಅರ್ಥ. ತೀರಿಕೊಂಡವರಿಗೂ ಅಂದು ಎಡೆಯಿಡುತ್ತಾರೆ. ಈಸ್ಟರ್ ಕಳೆದ ಒಂಬತ್ತನೆಯ ದಿನದ ‘ರಾದೌನಿತ್ಸಾ’ ಸಮಾಧಿಗಳಿಗೆ ಹೋಗುವ ದಿನ. ಅಂದು ಸರಕಾರಿ ರಜೆ. ಜುಲೈ ಮೊದಲ ವಾರದ ‘ಕುಪಾಲೆ’ ರಾತ್ರಿ ಬೆಂಕಿ ಹೊತ್ತಿಸಿ, ಹೂದಂಡೆಗಳನ್ನು ಹೊಳೆಯಲ್ಲಿ ತೇಲಿಬಿಡುತ್ತಾರೆ. ಆಲೂಗಡ್ಡೆ ಅಲ್ಲಿಯ ನಿತ್ಯದ ಆಹಾರ. ರಷ್ಯನ್ ಆಡುವವರೂ ಅಕ್ಕರೆಯಿಂದ ಅದನ್ನು ‘ಬುಲ್ಬಾ’ ಎನ್ನುವುದುಂಟು. ರಾಜಧಾನಿ ಮಿನ್ಸ್ಕ್‌ನ ಮೆಟ್ರೊದಲ್ಲಿ ಬಾಗಿಲು ಮುಚ್ಚುವ ಸೂಚನೆ ಬೆಲಾರುಸಿಯನ್ನಿನಲ್ಲಿ ಮೊಳಗುತ್ತದೆ. ಒಳಗೆ ಕುಳಿತವರು ಮಾತು ಮುಂದುವರಿಸುವುದು ರಷ್ಯನ್ನಿನಲ್ಲಿ.

ನಗರದ ಅಂಗಡಿಯಲ್ಲಿ ಶುದ್ಧ ಬೆಲಾರುಸಿಯನ್ ಆಡುವವರನ್ನು ಜನ ತಿರುಗಿ ನೋಡುತ್ತಾರೆ. ಹಳ್ಳಿಯವರೋ, ಪಂಡಿತರೋ, ಸರಕಾರವನ್ನು ವಿರೋಧಿಸುವವರೋ ಎಂದು ಅಳೆಯುತ್ತಾರೆ. ಸಾಧಾರಣ ಮಾತು ಸಾಧಾರಣವಾಗಿ ಉಳಿಯದಿರುವುದೇ ಆ ಭಾಷೆಯ ನಿಜವಾದ ಸಂಕಟ. ಗೌರವ ಭಾಷೆಯನ್ನು ಹಬ್ಬದ ಉಡುಪಿನಂತೆ ಪೆಟ್ಟಿಗೆಯಲ್ಲಿ ಕಾಯಬಲ್ಲದು. ಬಳಕೆಯೊಂದೇ ಅದನ್ನು ಮೈಮೇಲೆ ಇಡಬಲ್ಲದು. ಇದನ್ನರಿತವರೂ ಅಲ್ಲಿದ್ದಾರೆ. 2014ರಲ್ಲಿ ಮಿನ್ಸ್ಕ್‌ನಲ್ಲಿ ‘ಮೋವಾ ನಾನೋವಾ’, ಅಂದರೆ ‘ಭಾಷೆ ಹೊಸದಾಗಿ’, ಎಂಬ ಉಚಿತ ತರಗತಿಗಳು ಆರಂಭವಾದವು. ತಮ್ಮದೇ ಭಾಷೆಯನ್ನು ಆಡಿ ಕಲಿಯಲು ಪ್ರಾಯದವರು ಅಲ್ಲಿಗೆ ಬಂದರು.

ಭಾರತದ ಜನಗಣತಿ ಮಾತೃಭಾಷೆಯನ್ನೂ ಬಲ್ಲ ಇತರ ಭಾಷೆಗಳನ್ನೂ ಕೇಳುತ್ತದೆ. ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಪ್ರತ್ಯೇಕವಾಗಿ ಕೇಳುವುದಿಲ್ಲ. ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡದ ಸ್ಥಿತಿಯನ್ನು ಬರೀ ಮಾತೃಭಾಷೆಯ ಅಂಕಿಯಿಂದ ಅಳೆಯಲಾಗದು. ಆ ಎರಡನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಕೇಳಬಹುದು.

ಅಭ್ಯಾಸ: ತಮ್ಮ ಮನೆಯ ಮೂರು ತಲೆಮಾರಿನವರು ಅಡುಗೆಮನೆಯಲ್ಲಿ, ಸಂತೆಯಲ್ಲಿ, ದೇವರ ಮುಂದೆ ಯಾವ ಯಾವ ಭಾಷೆ ಬಳಸುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಒಂದು ವಾರ ಗಮನಿಸಿ, ಪಟ್ಟಿ ಮಾಡಿ ತರಬೇಕು.